ನಾಲೆಯ ನೀರಿಗಿಳಿದ ಗಂಗಕ್ಕ

ದೀಕ್ಷಾಸ್ನಾನವೆಂದರೆ ಮೈಯೆಲ್ಲ ಒದ್ದೆಯಾಗುವ ಕೆಲಸ ಎಂದು ನನಗೆ ತಿಳಿದದ್ದು ಘಟ್ಟ ಹತ್ತಿ ಈ ಕಡೆಗೆ ಬಂದ ಮೇಲೆ. ದಬ್ಬೇಘಟ್ಟದ ಹತ್ತಿರದ ನಾಲೆ, ಎರಡೂ ದಡದಲ್ಲಿ ತೆಂಗಿನ ತೋಟ. ಸೊಂಟಮಟ್ಟದ ಕೆಂಪು ನೀರಿನಲ್ಲಿ ನಲವತ್ತೈದು ದಾಟಿದ ಹೆಂಗಸೊಬ್ಬಳು ಕೈ ಮುಗಿದು ನಿಂತಿದ್ದಳು. ಪಾಸ್ಟರ್ ಅವಳ ಬೆನ್ನಿಗೆ ಕೈ ಕೊಟ್ಟು ಪೂರ್ತಿ ಮುಳುಗಿಸಿ ಎತ್ತಿದರು. ಎದ್ದವಳು ಕೆಮ್ಮಿದಳು, ಮೂಗು ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು. ಆಚೆ ದಡದಲ್ಲಿ ಎಮ್ಮೆಯ ಮೈ ಉಜ್ಜುತ್ತಿದ್ದವನು ಕೈ ನಿಲ್ಲಿಸಿ ನೋಡುತ್ತಿದ್ದ. ದಡದಲ್ಲಿ ಟವೆಲ್ ಹಿಡಿದು ನಿಂತಿದ್ದ ನನಗೆ ಒಂಥರಾ ನಾಚಿಕೆಯಾಯಿತು. ಯಾತಕ್ಕೆಂದು ಆಗ ಗೊತ್ತಾಗಲಿಲ್ಲ.

ಮಂಗಳೂರಿನ ಕಡೆ ನಮ್ಮ ಊರಿನ ಸಭೆಯಲ್ಲಿದ್ದು ಇದನ್ನು ಓದುವ ನಿಮಗೆ ನಮ್ಮ ದೀಕ್ಷಾಸ್ನಾನ ಹೇಗಿರುತ್ತದೆಂದು ಗೊತ್ತು. ಬಿಳಿ ಫ್ರಾಕಿನ ಮಗು, ಬೋಗುಣಿಯಿಂದ ನೆತ್ತಿಗೆ ಒಂದಿಷ್ಟು ನೀರು, ಮಗು ಅತ್ತರೆ ಎಲ್ಲರಿಗೂ ನಗು, ಮಧ್ಯಾಹ್ನಕ್ಕೆ ಕೋಳಿ ಸುಕ್ಕ, ಕೇಕು. ನನಗೂ ಹಾಗೆಯೇ ಆಯಿತು. ನನ್ನ ಪರವಾಗಿ ಅಪ್ಪ ಅಮ್ಮ ಮಾತು ಕೊಟ್ಟರು. ಆ ಮಾತಿಗಾಗಿ ನಾನು ಏನನ್ನಾದರೂ ಬಿಡಬೇಕು ಎಂದು ಯಾರೂ ಯಾವತ್ತೂ ಕೇಳಲಿಲ್ಲ.

ನನ್ನ ಗಂಡ ಸುಧಾಕರನಿಗೆ ತಿಪಟೂರು ರಸ್ತೆಯ ತೆಂಗಿನಪುಡಿ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ತುರುವೇಕೆರೆಯಲ್ಲಿ ಮನೆ ಹುಡುಕಿದೆವು. ಬಾಗಿಲು ತೆರೆದವರು ಮೊದಲು ಕೇಳುತ್ತಿದ್ದದ್ದು, "ನೀವು ಯಾವ ಜನ?" ಎಂದು. ಕ್ರೈಸ್ತರು ಎಂದರೆ ಮುಖ ಗಂಟಿಕ್ಕುತ್ತಿರಲಿಲ್ಲ, ಆದರೆ ಮನೆ ಅಷ್ಟರಲ್ಲಿ ಬೇರೆ ಯಾರಿಗೋ ಹೇಳಿಯಾಗಿರುತ್ತಿತ್ತು. ಕೊನೆಗೆ ಸಿಕ್ಕ ಮನೆಯೊಡತಿ ಒಂದೇ ಮಾತು ಹೇಳಿದರು: "ಮೀನು ಮಾಡಿದ್ ದಿವಸ ಕಿಟಕಿ ಹಾಕ್ಕಳಿ ಕಣಮ್ಮ."

ಮೀನು ಸಿಕ್ಕರೆ ತಾನೇ! ಕುಚ್ಚಲಕ್ಕಿಯೂ ಇಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ತೆಂಗು, ಆದರೆ ನಾನು ದಿನಾ ಕಾಯಿ ಅರೆದು ಪದಾರ್ಥ ಮಾಡುವುದನ್ನು ಕಂಡು ಅಕ್ಕಪಕ್ಕದವರು ಬೆರಗಾದರು. ಇಲ್ಲಿ ಕಾಯಿ ತಿನ್ನುವುದಕ್ಕಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿಯಾದ ಮೇಲೆ ತಿಪಟೂರಿನ ಮಾರ್ಕೆಟ್ಟಿಗೆ ಹೋಗುವ ವಸ್ತು ಅದು.

ಮಾತಿನದೇ ದೊಡ್ಡ ಪೇಚು. ಮನೆಯಲ್ಲಿ ತುಳು ಆಡಿ ಬೆಳೆದ ನನಗೆ ಕನ್ನಡವೆಂದರೆ ಶಾಲೆಯ ಭಾಷೆ, ಪ್ರಾರ್ಥನೆಯ ಭಾಷೆ. ಇಲ್ಲಿ ಅದೇ ಭಾಷೆಯಲ್ಲಿ ದನ ಹೊಡೆಯುತ್ತಾರೆ, ಜಗಳವಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ನಾನು ಬಾಯಿ ತೆರೆದರೆ ಅಂಗಡಿಯವನು, "ಮೇಡಂ ಯಾವ ಶಾಲೆ ಟೀಚರ್ರು?" ಎನ್ನುತ್ತಿದ್ದ.

ಮೋಟರ್ ರಿಪೇರಿ ಅಂಗಡಿಯ ಮಹಡಿಯ ಮೇಲೊಂದು ಬಾಡಿಗೆ ಕೋಣೆಯಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತದೆಂದು ತಿಳಿದು ಹೋದೆ. ಚಾಪೆಯ ಮೇಲೆ ಏಳೆಂಟು ಜನ. ಅವರಲ್ಲಿ ಗಂಗಕ್ಕನೂ ಒಬ್ಬಳು. ನಾಲೆಗಿಳಿದವಳು ಅವಳೇ.

ಗಂಗಕ್ಕ ತೋಟವಿರುವ ಶೈವರ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಾಯಿ ಮತ್ತು ತಮ್ಮ ರುದ್ರೇಶನ ಜೊತೆ ಇದ್ದಳು. ಕ್ರೈಸ್ತಳಾಗುವ ಮನಸ್ಸು ಹೇಗೆ ಬಂತೆಂದು ಒಮ್ಮೆ ಕೇಳಿದೆ. ನನಗೆ ಮುದ್ದೆ ತೊಳಸುವುದನ್ನು ಕಲಿಸುತ್ತಿದ್ದವಳು ಕೋಲು ನಿಲ್ಲಿಸದೆ ಹೇಳಿದಳು: "ಅವ್ರು ಹೋದ್ಮೇಲೆ ಒಂದು ವರ್ಷ ನಾನು ಯಾರ್ ಜೊತೆಗೂ ಮಾತಾಡ್ಲಿಲ್ಲ ಕಣ್ರೀ. ಬಂದೋರೆಲ್ಲ ಬುದ್ಧಿ ಹೇಳೋರು. ಪಾಸ್ಟ್ರು ಹೆಂಡ್ತಿ ಬಂದು ಸುಮ್ಕೆ ಪಕ್ಕದಲ್ಲಿ ಕೂತ್ಕಂಡ್ಳು. ಅವಳು ಯಾರನ್ನ ನಂಬ್ಕಂಡವ್ಳೆ ಅಂತ ತಿಳ್ಕಬೇಕು ಅನ್ನಿಸ್ತು."

ಅವಳ ಕೊರಳಲ್ಲಿ ಲಿಂಗವಿತ್ತು, ಮಗುವಾಗಿದ್ದಾಗ ಅಯ್ನೋರು ಬಂದು ಕಟ್ಟಿದ್ದು. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಎನ್ನುತ್ತೇವಲ್ಲ, ಇಲ್ಲಿ ಅಯ್ನೋರೆಂದರೆ ಜಂಗಮರು. ಲಿಂಗ ಕಟ್ಟುವುದನ್ನು ಅವರೂ ದೀಕ್ಷೆ ಎಂದೇ ಕರೆಯುತ್ತಾರೆ. ನನ್ನ ಹಾಗೆಯೇ ಅವಳಿಗೂ ತಿಳಿವು ಬರುವ ಮೊದಲೇ ಒಂದು ದೀಕ್ಷೆಯಾಗಿತ್ತು. ನಾನು ನನ್ನದರಲ್ಲೇ ಉಳಿದೆ. ಅವಳು ನಾಲೆಗಿಳಿಯುವ ಹಿಂದಿನ ದಿನ ತಾನೇ ಶಿವದಾರ ಬಿಚ್ಚಿ ತಾಯಿಯ ಕೈಗೆ ಕೊಟ್ಟಳು.

"ಅವ್ವ ಬಯ್ಯಲಿಲ್ಲ," ಎಂದಳು ನನಗೆ. "ಕೈಯಾಗಿಟ್ಕಂಡು, 'ಇದನ್ನ ನಾನೇನು ಮಾಡ್ಲವ್ವ' ಅಂತ ಕೇಳ್ತು. ಬೈದಿದ್ರೆ ಚೆನ್ನಾಗಿತ್ತು."

ರುದ್ರೇಶ ಅಕ್ಕನನ್ನು ಬೀದಿಗೆ ಹಾಕಲಿಲ್ಲ. ತೋಟದಲ್ಲಿದ್ದ ಒಂಟಿ ಕೋಣೆಗೆ ಹೆಂಚು ಹೊದಿಸಿ ಬಿಟ್ಟುಕೊಟ್ಟ. ತಾಯಿ ದಿನವೂ ಅಲ್ಲಿಗೆ ಬರುತ್ತಿದ್ದರು, ಹೊಸಲು ಮಾತ್ರ ದಾಟುತ್ತಿರಲಿಲ್ಲ. ತಾಯಿ ಹೊರಗೆ, ಮಗಳು ಒಳಗೆ ಕೂತು ಅವರೆಕಾಯಿ ಸುಲಿಯುವುದನ್ನು ನಾನು ಕಂಡಿದ್ದೇನೆ.

ಮಾರನೆಯ ವರ್ಷ ಪಾಸ್ಟರಿಗೆ ದೊಡ್ಡ ಊರಿನ ಸಭೆಯೊಂದರಿಂದ ಕರೆ ಬಂತು. ಇನ್ನೊಬ್ಬರು ಬರುತ್ತಾರೆ ಎಂದು ಹೇಳಿ ಹೋದರು. ಯಾರೂ ಬರಲಿಲ್ಲ. ಮಹಡಿಯ ಬಾಡಿಗೆ ಕೋಣೆ ಬಿಟ್ಟುಕೊಟ್ಟೆವು. ಒಬ್ಬೊಬ್ಬರಾಗಿ ಚದುರಿದರು. ಕೊನೆಗೆ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಉಳಿದದ್ದು ಗಂಗಕ್ಕ ಮತ್ತು ನಾನು. ಸುಧಾಕರನಿಗೆ ಹೆಚ್ಚಾಗಿ ಭಾನುವಾರವೂ ಪಾಳಿ.

ತಾಯಿ ತೀರಿಕೊಂಡ ದಿನ ಗಂಗಕ್ಕ ಫೋನ್ ಮಾಡಿ, "ಪ್ರಮೀಳಮ್ಮ, ಒಸಿ ಬನ್ನಿ," ಎಂದಷ್ಟೇ ಹೇಳಿದಳು. ನಾನು ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ತಾಯಿಯನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಗಂಗಕ್ಕನಿಗೆ ಮುಖ ನೋಡಲು ಬಿಟ್ಟರು. ತೋಟದ ಮೂಲೆಯಲ್ಲಿ ಗುಣಿ ತೆಗೆದಿದ್ದರು. ಅಲ್ಲಿಗೆ ಎಲ್ಲರೂ ಹೊರಟಾಗ ರುದ್ರೇಶ ಅಕ್ಕನ ಹತ್ತಿರ ಬಂದ.

"ನೀನು ಇಲ್ಲೇ ಇರಕ್ಕ."

"ಒಂದು ಹಿಡಿ ಮಣ್ಣು ಹಾಕಿ ಬತ್ತೀನಿ ಕಣೋ."

"ನಾನಾಗಿ ಹೇಳ್ತಿಲ್ಲ. ಅಯ್ನೋರು ಅವ್ರೆ, ನೆಂಟರೆಲ್ಲ ಅವ್ರೆ. ನೀನು ನಮ್ಮೋಳು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನೇ ಬುಟ್ಟು ಹೋದೆ."

ಅವನ ಕಣ್ಣಲ್ಲೂ ನೀರಿತ್ತು. ಬೇಲಿಯ ಈಚೆ ನಾವಿಬ್ಬರೂ ನಿಂತೆವು. ಜನರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಣ್ಣು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

"ನೀವು ಹುಟ್ಟಾ ಕ್ರೈಸ್ತರು," ಎಂದಳು ನನಗೆ. "ಅವ್ವಂಗೆ ಒಂದು ಪ್ರಾರ್ಥನೆ ಹೇಳಿ."

ಹೇಳಿದೆ. ಊರಿನ ನಮ್ಮ ದೇವಾಲಯದಲ್ಲಿ, ಸಾವಿನ ಮನೆಗಳಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದದ್ದನ್ನು, ಒಂದಕ್ಷರ ತಪ್ಪದೆ, ನಿತ್ಯಜೀವ, ನಿರೀಕ್ಷೆ, ಕರುಣಾಸಂಪನ್ನ ಎಂದೆಲ್ಲ ಹೇಳಿ ಮುಗಿಸಿದೆ. ಗಂಗಕ್ಕ ಇನ್ನೂ ಕಾಯುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಮ್ಮವ್ವನ ಹೆಸರು ಬರಲೇ ಇಲ್ವಲ್ಲ?"

ಅವಳ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ. ಎಲ್ಲರಂತೆ ನಾನೂ ಅವ್ವ ಎಂದೇ ಕರೆಯುತ್ತಿದ್ದೆ.

ಆಮೇಲಿನ ವಾರಗಳಲ್ಲಿ ಅವಳು ನಮ್ಮ ಮನೆಗೆ ಬಂದು ಕೂರುತ್ತಿದ್ದಳು, ಹಾಡುತ್ತಿರಲಿಲ್ಲ. ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. "ಗಂಗಕ್ಕ, ಇಲ್ಲಿ ಸಭೆಯೂ ಇಲ್ಲ, ಪಾಸ್ಟರೂ ಇಲ್ಲ. ನೀವು ವಾಪಸ್ ಮನೆಯವರ ಜೊತೆ ಸೇರಿಕೊಳ್ಳಬಹುದಲ್ಲ? ದೇವರು ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ," ಎಂದೆ. ಹುಟ್ಟಾ ಕ್ರೈಸ್ತಳ ಬಾಯಿಂದ ಬಂದ ಮಾತು ಅದು.

ಗಂಗಕ್ಕ ಹೇಳಿದಳು: "ಅಲ್ಲಿ ಬುಟ್ಟೆ. ಈಗ ಇಲ್ಲೂ ಬುಟ್ರೆ ನಾನು ಯಾರ ಪೈಕಿ ಆಗ್ಲಿ ಹೇಳಿ. ಮಾತು ಕೊಟ್ಟೋಳು ನಾನು. ಪಾಸ್ಟ್ರಲ್ಲ, ನೀವಲ್ಲ."

ಅದರಲ್ಲಿ ಧೈರ್ಯವಿತ್ತು ಎಂದು ನಿಮಗೆ ಬರೆಯಬಹುದಿತ್ತು. ಆದರೆ ನನಗೆ ಕಂಡದ್ದು ಧೈರ್ಯವಲ್ಲ, ದಣಿವು. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಮನೆಯಲ್ಲಿ ಯಾರೂ ಇಲ್ಲದೆ ನಿಂತವಳ ದಣಿವು.

ಈ ಸಲ ಊರಿಗೆ ಬಂದಾಗ ನನ್ನ ತಂಗಿಯ ಮಗುವಿನ ದೀಕ್ಷಾಸ್ನಾನವಾಯಿತು. ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ಸಭೆಯಾಗಿ ಜೊತೆಗಿರುತ್ತೀರಾ ಎಂದು ಅಯ್ಯನವರು ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ ಹೌದು ಎಂದಿರಿ. ಎಷ್ಟು ಸಲೀಸಾಗಿ ಹೇಳಿದಿರಿ! ನಾನೂ ವರ್ಷಗಟ್ಟಲೆ ಹಾಗೆಯೇ ಹೇಳಿದವಳು. ಅವತ್ತು ಬಾಯಿ ಬರಲಿಲ್ಲ.

ಊಟದ ಹೊತ್ತಿಗೆ ತಂಗಿ ಕೇಳಿದಳು: "ನಿನಗೆ ಎಂತಾಗಿದೆ ಮಾರಾಯ್ತಿ? ಘಟ್ಟದ ಮೇಲಿನವರ ಹಾಗೆ ಆಗಿದ್ದಿ. ಅಲ್ಲಿ ಒಳ್ಳೆಯ ಸಭೆ ಇಲ್ವಾ?"

"ಉಂಟು, ಸಣ್ಣದು," ಎಂದೆ.

ತುರುವೇಕೆರೆಗೆ ಮರಳಿದ ಮೇಲೆ ಗಂಗಕ್ಕ ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ ಬಂದಳು, ಸೊರಗಿದ್ದಳು. "ನೀವು ಅಲ್ಲೇ ಉಳ್ಕಂಡ್ರಿ ಅನ್ಕಂಡೆ," ಎಂದು ಗೋಡೆಗೊರಗಿ ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಸುಧಾಕರನಿಗೆ ಈಗ ಮಂಗಳೂರಿನ ಕಡೆ ಕೆಲಸ ಸಿಗುವ ಹಾಗಿದೆ. ಮೀನು, ಕುಚ್ಚಲಕ್ಕಿ, ತುಳು, ನಮ್ಮ ದೇವಾಲಯದ ಗಂಟೆ, ಎಲ್ಲ ಮನಸ್ಸಿಗೆ ಬರುತ್ತದೆ. ಹೋಗಬೇಕೆಂದು ಆಸೆ. ಹೋದರೆ ಗಂಗಕ್ಕನ ಸಭೆ ಗಂಗಕ್ಕ ಒಬ್ಬಳೇ. ಇನ್ನೂ ಅವಳಿಗೆ ಹೇಳಿಲ್ಲ. ಗಂಡನಿಗೆ ಹೂಂ ಎಂದೂ ಹೇಳಿಲ್ಲ.