ವೇಲ್ಸಿನ ಗೌರಿಗೆ ನಮ್ಮನೆ ಉಪಚಾರ

ಕುಕ್ಕರಿನಲ್ಲಿ ಹುರುಳಿ ಬೇಯುವ ಆ ಒಗರು ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಬ್ಬರ ಹೆಸರು ಹೇಳಲಾರೆ. ಹಾನುಬಾಳಿನಾಚೆ ಗುಡ್ಡದ ಮೇಲಿದ್ದ ನಮ್ಮ ಮನೆಯಲ್ಲಿ ಆಗ ಹನ್ನೊಂದು ಜನ ಇದ್ದೆವು. ಅಷ್ಟೂ ಜನರ ಮೇಲೆ ಬರುತ್ತದೆ, ಅವರಲ್ಲಿ ನಾನೂ ಒಬ್ಬಳು. ಪ್ರೀತಿ ಎಂದರೆ ತಿನ್ನಿಸುವುದು ಎಂದು ನಂಬಿದ ಒಬ್ಬ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಿದ್ದರೆ ನಾನು ಹೇಳುತ್ತಿರುವುದು ನಿಮಗೆ ಬೇಗ ತಿಳಿಯುತ್ತದೆ.

ಪಕ್ಕದ ಎಸ್ಟೇಟಿನ ಒಡತಿ ತೋಟ ಮಾರಿ ಊರು ಬಿಡುವಾಗ, ಮೊಮ್ಮಕ್ಕಳ ಸವಾರಿಗೆಂದು ಸಾಕಿದ್ದ ಒಂದು ಜೊತೆ ಪೋನಿಗಳನ್ನು, ಅಂದರೆ ಗಿಡ್ಡ ಕುದುರೆಗಳನ್ನು, ನಮ್ಮ ದೊಡ್ಡಪ್ಪನಿಗೆ ಕೊಟ್ಟು ಹೋದರು. ಒಂದು ಹೆಣ್ಣು, ಒಂದು ಗಂಡು. ಇಂಗ್ಲೆಂಡಿನ ಮಗ್ಗುಲಲ್ಲಿರುವ ವೇಲ್ಸ್ ಎಂಬ ಗುಡ್ಡಗಾಡಿನ ತಳಿ. ಜೊತೆಗೆ ಅವುಗಳ ಅಜ್ಜ ಮುತ್ತಜ್ಜಂದಿರ ಹೆಸರೆಲ್ಲ ಬರೆದಿದ್ದ ಒಂದು ಕಡತವೂ ಬಂತು. ಪೋನಿಗಳನ್ನು ನೋಡಿ ನಾವು ಮಕ್ಕಳು ಕುಣಿದೆವು. ದೊಡ್ಡಪ್ಪ ಕುಣಿದದ್ದು ಆ ಕಡತ ನೋಡಿ. ಅಲ್ಲಿಯೂ ಗುಡ್ಡ, ಮಂಜು, ಜಡಿಮಳೆ, ಇಲ್ಲಿಯೂ ಅದೇ, ಅಂದಮೇಲೆ ಶುದ್ಧ ವೇಲ್ಸ್ ಮರಿ ನಮ್ಮ ಲಾಯದಲ್ಲಿ ಯಾಕೆ ಹುಟ್ಟಬಾರದು ಎಂಬುದು ಅವರ ವಾದ. ಗುಡ್ಡ ಒಂದೇ ಥರ ಇದ್ದರೆ ಸಾಕೇ? ಅಲ್ಲಿ ಕಲ್ಲಿನ ಸಂದಿಯಲ್ಲಿ ಹುಲ್ಲು ಹುಡುಕಿಕೊಂಡು ತಿನ್ನುವ ಜೀವ ಅದು. ಇಲ್ಲಿ ಮೊಣಕಾಲುದ್ದದ ಹಸಿರು, ಸಾಲದ್ದಕ್ಕೆ ನಮ್ಮ ಅಡುಗೆಮನೆ.

ಹೆಣ್ಣು ಪೋನಿಗೆ ಕಡತದಲ್ಲಿದ್ದ ಹೆಸರು ನಮ್ಮ ಯಾರ ನಾಲಿಗೆಗೂ ಒಗ್ಗಲಿಲ್ಲ. ದೂರದಿಂದ ಬಂದವಳು, ಬೆಳ್ಳಗಿದ್ದಾಳೆ ಎಂದು ಅಜ್ಜಿ ಗೌರಿ ಅಂದಳು, ಅದೇ ಉಳಿಯಿತು. ಎತ್ತರ ನನ್ನ ನೆತ್ತಿಗೆ ಸಮ. ಅವಳ ಕತ್ತಿನ ಕೂದಲೊಳಗೆ ಮುಖ ಹುದುಗಿಸಿದರೆ ಬಿಸಿಲಿಗೆ ಒಣಹಾಕಿದ ಕಂಬಳಿಯ ವಾಸನೆ. ಮೂತಿಯನ್ನು ಅಂಗೈಗೆ ಒತ್ತಿ, ಖಾಲಿ ಇದ್ದರೆ ಉಫ್ ಎಂದು ಉಸಿರು ಬಿಟ್ಟು ಆ ದೊಡ್ಡ ಕಣ್ಣಿನಿಂದ ನೋಡುತ್ತಿದ್ದಳು. ಆ ನೋಟಕ್ಕೆ ಮನೆಯಲ್ಲಿ ಕರಗದವರು ಯಾರೂ ಇರಲಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬಂತೆ, ಬಂದ ನೆಂಟರೆಲ್ಲ ಬಸ್‌ಸ್ಟಾಪಿಗೆ ನಡೆಯಲಾರೆವು ಎನ್ನತೊಡಗಿದರು. ದೊಡ್ಡಪ್ಪ ಯಾರನ್ನೂ ಹತ್ತಗೊಡಲಿಲ್ಲ.

ಕುದುರೆ ವಿಷಯ ಬಲ್ಲವರು ನಮ್ಮ ಕಡೆ ಒಬ್ಬರೇ, ಬಾಳ್ಳುಪೇಟೆಯ ರಹೀಮ್ ಸಾಬರು. ಹಿಂದೆ ಜಟಕಾ ಓಡಿಸಿದವರು. ವಾರಕ್ಕೊಮ್ಮೆ ಬಂದು ಗೊರಸು ಕೆತ್ತಿ, ಹೊಟ್ಟೆ ಸವರಿ ನೋಡಿ ಹೋಗುತ್ತಿದ್ದರು. ಗೌರಿ ಗಬ್ಬವಾಗಿದ್ದಾಳೆ ಎಂದು ಮೊದಲು ಹೇಳಿದವರೂ ಅವರೇ. ಅವತ್ತೇ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಕಟ್ಟುನಿಟ್ಟು ಮಾಡಿದರು. "ಒಣಹುಲ್ಲು, ನೀರು, ಚೂರು ಉಪ್ಪು. ಅಷ್ಟೇಯ. ಇದು ಕಮ್ಮಿ ತಿಂದು ಬದ್ಕೋ ಜಾತಿ ಕಣ್ರೀ. ಕೊಬ್ಬಿದ್ರೆ ಕಾಲಿಗೆ ಇಳಿತದೆ, ಗೊರಸಿನೊಳಗೆ ಉರಿ ಎದ್ದು ನಿಲ್ಲಕ್ಕೇ ಆಗಲ್ಲ." ದೊಡ್ಡಪ್ಪ ಅದನ್ನೇ ಮತ್ತೆ ಗುಡುಗಿ ಹೇಳಿದರು. ಎಲ್ಲರೂ ತಲೆಯಾಡಿಸಿದೆವು. ಅಜ್ಜಿ ಮಾತ್ರ ಸೆರಗು ಬಾಯಿಗೆ ಹಿಡಿದುಕೊಂಡು, "ಬಸುರಿಗೆ ಒಣಹುಲ್ಲಾ? ಇದ್ಯಾವ ಸೀಮೆ ನ್ಯಾಯ ಮಾರಾಯ!" ಅಂದಳು.

ಆಮೇಲಿನ ತಿಂಗಳುಗಳನ್ನು ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ತವರಿಗೆ ಬಂದ ಚೊಚ್ಚಲ ಬಸುರಿಯನ್ನು ನೋಡಿಕೊಳ್ಳುವ ಹಾಗೆ ಮನೆ ಮನೆಯೇ ಅವಳನ್ನು ನೋಡಿಕೊಂಡಿತು, ಅದೂ ಒಬ್ಬರಿಗೆ ತಿಳಿಯದಂತೆ ಒಬ್ಬರು. ಅಜ್ಜಿ ಬೇಯಿಸಿದ ಹುರುಳಿ ಒಯ್ಯುತ್ತಿದ್ದಳು. ದೊಡ್ಡಮ್ಮ ಹಿಂಡಿ ಕಲಸಿದ ಕಲಗಚ್ಚು ಇಟ್ಟು ಬರುತ್ತಿದ್ದರು. ನಮ್ಮಪ್ಪ ರಾಗಿಮುದ್ದೆ ಮುರಿದು ಕೊಡುತ್ತಿದ್ದರು, ನಮ್ಮ ತೋಟದ ಲೆಕ್ಕ ಬರೆಯುವ ರೈಟರು ಬಾಳೆಹಣ್ಣು. ನಾನು ಸ್ಕೂಲಿಗೆ ಹೊರಡುವ ಮುಂಚೆ ಉಂಡೆಬೆಲ್ಲ. ಪ್ರತಿಯೊಬ್ಬರಿಗೂ ತಾವು ಕೊಡುವುದು ಒಂದು ಚೂರು ಅಷ್ಟೇ ಎಂಬ ಸಮಾಧಾನ. ಒಂಬತ್ತು ತಿಂಗಳು ತುಂಬಿದರೂ ಗೌರಿ ಈಯದಿದ್ದಾಗ ಅಜ್ಜಿಗೆ ದಿಗಿಲಾಯಿತು. ಕುದುರೆಗೆ ಹನ್ನೊಂದು ತಿಂಗಳು ಎಂದು ಸಾಬರು ಹೇಳಿದರೆ, "ಅಂಥಾ ಎಮ್ಮೆನೇ ಹತ್ ತಿಂಗ್ಳಿಗೆ ಕರ ಹಾಕ್ತದೆ, ಇಷ್ಟೇ ಇಷ್ಟಿರೋದ್ಕೆ ಹನ್ನೊಂದಾ? ಮೈಯಾಗೆ ಶಕ್ತಿ ಸಾಲ್ದು ಕಣಪ್ಪ" ಎಂದು ಎದುರಾಡಿದಳು. ಅವತ್ತಿನಿಂದ ಹುರುಳಿ ಎರಡು ಹೊತ್ತಾಯಿತು.

ಒಂದು ಬೆಳಿಗ್ಗೆ ಗೌರಿ ಮುಂಗಾಲು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಹಗ್ಗ ಜಗ್ಗಿದರೂ ಒಂದು ಹೆಜ್ಜೆ ಇಡಲಿಲ್ಲ. ಸಾಬರು ಜೀಪಿನಲ್ಲಿ ಬಂದಿಳಿದವರೇ ಮಂಡಿಯೂರಿ ಗೊರಸಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. "ಕೆಂಡ ಆದಂಗೆ ಆಗೈತೆ ಯಜಮಾನ್ರೆ. ಏನ್ ಹಾಕಿದ್ರಿ ಇದುಕ್ಕೆ?" ದೊಡ್ಡಪ್ಪ ನಮ್ಮ ಕಡೆ ತಿರುಗಿ, ಯಾರು ಹಾಕಿದ್ದು ಎಂದು ಕಿರುಚಿದರು. ಎಲ್ಲರೂ ತಂತಮ್ಮ ಕಾಲು ನೋಡಿಕೊಂಡು ನಿಂತೆವು. ನನ್ನ ಫ್ರಾಕಿನ ಜೇಬಿನಲ್ಲಿ ಆ ಹೊತ್ತಿನ ಬೆಲ್ಲ ಹಾಗೇ ಇತ್ತು. ಅಜ್ಜಿ ಒಮ್ಮೆ ನನ್ನತ್ತ ನೋಡಿ ಮುಂದೆ ಬಂದಳು. "ನಾನೇ ಕಣೋ. ಏನೇನ್ ತಿಂದೈತೋ ಎಲ್ಲಾ ನಾನೇ ಹಾಕಿದ್ದು. ಇವ್ರನ್ನ ಯಾಕ್ ಬೈತೀಯ?"

ಅಲ್ಲಿದ್ದವರಲ್ಲಿ ಒಬ್ಬರಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗೌರಿ ಆ ಕಾಲಿನಲ್ಲೇ ಈದಳು. ಮರಿ ಗಟ್ಟಿಯಾಗಿತ್ತು, ಕಡ್ಡಿಯಂಥ ಉದ್ದ ಕಾಲಿನ ಹೆಣ್ಣುಮರಿ. ತಾಯಿಗೆ ನಿಂತು ಹಾಲೂಡಿಸುವ ತ್ರಾಣವಿರಲಿಲ್ಲ. ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಳು. ಮರಿಯನ್ನು ಅಜ್ಜಿಯೇ ಕೂಲಿ ಲೈನಿನವರ ಮೇಕೆಹಾಲು ತರಿಸಿ ಸಾಕಿದಳು. ಸಾಬರು ಹೇಳಿದ್ದಕ್ಕಿಂತ ಒಂದು ಗುಟುಕು ಹೆಚ್ಚು ಕುಡಿಸಲಿಲ್ಲ. ಅದು ಇನ್ನೂ ಬೇಕೆಂದು ಸೊಂಟಕ್ಕೆ ಗುಮ್ಮಿದರೆ ಮುಖ ಅತ್ತ ತಿರುಗಿಸಿ ಕೂರುತ್ತಿದ್ದಳು.

ದೊಡ್ಡಪ್ಪ ಅಜ್ಜಿಯ ಜೊತೆ ಮಾತು ಬಿಟ್ಟರು. ಹೆತ್ತ ತಾಯಿ ಎರಡು ಮಾರು ದೂರದಲ್ಲಿ ಕೂತಿದ್ದರೂ, "ನಿಮ್ಮಜ್ಜಿಗೆ ಹೇಳು, ಮರಿ ಬಿಸಿಲಿಗೆ ಬಿಡ್ಲಿ" ಎಂದು ನನ್ನ ಕೈಲಿ ಹೇಳಿಸುತ್ತಿದ್ದರು. ಅಜ್ಜಿಯೂ "ಬಿಟ್ಟೈತೆ ಅಂತ ನಿಮ್ ದೊಡ್ಡಪ್ಪಂಗೆ ಹೇಳವ್ವ" ಎನ್ನುತ್ತಿದ್ದಳು. ಇಬ್ಬರ ನಡುವೆ ಓಡಾಡುತ್ತಾ, ಬೆಲ್ಲದ ವಿಷಯ ಇವತ್ತು ಹೇಳಿಬಿಡುತ್ತೇನೆ, ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದೆ. ಗಂಡು ಪೋನಿ ಮುದಿಯಾಗಿ ಸತ್ತಿತು. ಮರಿ ಬೆಳೆದರೂ ಊರಿನ ನಾಟಿ ಕುದುರೆ ತಟ್ಟುವಿನ ಹತ್ತಿರ ಸೇರಿಸಿದರೆ ರಕ್ತ ಕೆಡುತ್ತದೆ ಎಂದು ದೊಡ್ಡಪ್ಪ ಹಟ ಹಿಡಿದರು. ಹೊರಗಿನಿಂದ ಗಂಡು ತರಿಸಲು ಊರೂರಿಗೆ ಕಾಗದ ಬರೆದರು, ಯಾವುದೂ ಆಗಲಿಲ್ಲ. ತಳಿ ಅಲ್ಲಿಗೇ ನಿಂತಿತು. ಅಜ್ಜಿ ಹೋದ ದಿನ ಮಾತ್ರ ದೊಡ್ಡಪ್ಪ ಅವಳ ಕಿವಿಯ ಹತ್ತಿರ ಬಗ್ಗಿ ಅವ್ವಾ ಅವ್ವಾ ಎಂದು ಕರೆದರು. ಕೇಳಿಸಿಕೊಳ್ಳಲು ಅಜ್ಜಿ ಇರಲಿಲ್ಲ.

ನನ್ನ ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಮಂಡಿನೋವಿನಿಂದ ಜಗಲಿಯಲ್ಲೇ ಕೂತಿರುತ್ತಿದ್ದ ದೊಡ್ಡಪ್ಪನಿಗೆ ಕೊನೆಗೂ ಹೇಳಿದೆ. "ದೊಡ್ಡಪ್ಪ, ಗೌರಿಗೆ ನಾನೂ ದಿನಾ ಬೆಲ್ಲ ಹಾಕ್ತಿದ್ದೆ." ಅವರು ನನ್ನನ್ನು ನೋಡಲಿಲ್ಲ. "ಗೊತ್ತು ಕಣವ್ವ. ನಾನೂ ಬೆಳಗಾದ್ರೆ ಒಂದು ಬನ್ನು ಹಾಕ್ತಿದ್ದೆ. ಹಂಗ್ ನೋಡ್ತಿತ್ತಲ್ಲ ಅದು." ಮತ್ತೆ ಅಜ್ಜಿಯನ್ನೇಕೆ ಹಾಗೆ ಗೋಳುಹೊಯ್ದುಕೊಂಡಿರಿ ಎಂದು ನಾನು ದನಿ ಎತ್ತಿದೆ. "ಅವ್ವ ಒಪ್ಕಂಬುಟ್ಳಲ್ಲ," ಎಂದರು. ಅದರ ಮುಂದಿನ ವರ್ಷ ಅವರೂ ಹೋದರು. ಸಿಟ್ಟು ತೀರಿಸಿಕೊಳ್ಳೋಣವೆಂದರೆ ಈಗ ಯಾರೂ ಉಳಿದಿಲ್ಲ, ಲಾಯವೂ ಇಲ್ಲ.

ಅಜ್ಜಿಯ ಆ ಕೊನೆಯ ನಾಲ್ಕು ವರ್ಷದ ಒಂದು ವಿಷಯ ಮಾತ್ರ ನನಗೆ ತಡೆಯಲಾಗುವುದಿಲ್ಲ. ಅದಕ್ಕೂ ಮುಂಚೆ ಊಟಕ್ಕೆ ಕೂತ ನಾವು ತಟ್ಟೆಗೆ ಕೈ ಅಡ್ಡ ಹಿಡಿದರೂ ಬಿಡದೆ, ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಿದ್ದವಳು. ಗೌರಿ ಸತ್ತಮೇಲೆ ಸೌಟು ಹಿಡಿದು ನಮ್ಮ ಮುಂದೆ ನಿಂತು, ಹೊಸದಾಗಿ ಬಂದ ಸೊಸೆಯ ಹಾಗೆ, "ಹಾಕ್ಲಾ?" ಎಂದು ಕೇಳತೊಡಗಿದಳು. ನಾವು ಸಾಕು ಎನ್ನುತ್ತಿದ್ದೆವು. ಅವಳು ನಿಲ್ಲಿಸಿಬಿಡುತ್ತಿದ್ದಳು.