ಆರ್ಲಿಸ್‌ಗೆ ಹೆಂಗಸರ ಡಾಕ್ಟರು ಸಿಕ್ಕಿದ್ದು

ನನ್ನ ಪಕ್ಕದ ಮನೆಯ ಆರ್ಲಿಸ್ ಟಾಲೆಫ್ಸನ್ ಮಿನೆಸೋಟದ ನಮ್ಮೂರಲ್ಲಿ ಶಾಲೆಯ ಬಸ್ಸು ಓಡಿಸುತ್ತಲೇ ಮುದುಕಿಯಾದವಳು. ಎಪ್ಪತ್ತೆರಡರಲ್ಲಿ, ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ, ಅವಳಿಗೆ ಮತ್ತೆ ರಕ್ತ ಕಾಣಿಸಿತು. ಅದನ್ನು ನನಗೆ ಹೇಳಿದ್ದು ಚರ್ಚಿನ ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತ, ನಾಳೆ ಹಿಮ ಬೀಳುತ್ತಂತೆ ಎನ್ನುವ ಧಾಟಿಯಲ್ಲಿ. ಆ ವಯಸ್ಸಲ್ಲಿ ಅದು ಕ್ಯಾನ್ಸರೂ ಆಗಿರಬಹುದು.

ಅವಳ ಹೆರಿಗೆಗಳನ್ನೆಲ್ಲ ಮಾಡಿಸಿದ್ದ ಡಾಕ್ಟರು ನಿವೃತ್ತರಾಗಿ ಅರಿಜೋನದ ಬಿಸಿಲಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದರು. ಹೊಸಬರನ್ನು ಹುಡುಕಲು ಕೂತೆವು. ಅವಳ ಹತ್ತಿರ ಇದ್ದದ್ದು ಮೆಡಿಕೇರ್, ಅರವತ್ತೈದಾದವರಿಗೆ ಸರ್ಕಾರ ಕೊಡುವ ವಿಮೆ. ಆ ಹೆಸರೆತ್ತಿದರೆ ಸಾಕು, ಫೋನಿನಾಚೆಯ ದನಿ ತಣ್ಣಗಾಗುತ್ತಿತ್ತು. ಸರ್ಕಾರದಿಂದ ಡಾಕ್ಟರಿಗೆ ಬರುವ ದುಡ್ಡು ಕಡಿಮೆ, ಹಾಗಾಗಿ ಹೊಸ ಮುದುಕಿಯರು ಬೇಡ.

ಮೊದಲ ಕ್ಲಿನಿಕ್ಕಿನ ಹುಡುಗಿ, "ನಿಮಗೀಗ ಎಷ್ಟು ತಿಂಗಳು ಮೇಡಂ?" ಅಂದಳು.

"ಎಂಟುನೂರು ದಾಟಿದೆ ಕಣಮ್ಮ," ಅಂದಳು ಆರ್ಲಿಸ್.

ಇನ್ನೊಂದು ಕಡೆಯವಳು, "ಅರವತ್ತೈದಕ್ಕೆ ಮುಂಚಿಂದ ನಮ್ಮಲ್ಲಿ ತೋರಿಸ್ತಿದ್ರೆ ಇಟ್ಕೋತಿದ್ವಿ. ಈಗ ಹೊಸದಾಗಿ ತಗೊಳ್ಳಲ್ಲ," ಅಂದಳು.

"ಆಗ ನಂಗೇನೂ ಆಗಿರ್ಲಿಲ್ವಲ್ಲಮ್ಮ."

"ಅದಕ್ಕೇ ಮೇಡಂ, ಆಗ್ಲೇ ಬರ್ಬೇಕಿತ್ತು."

ಆರ್ಲಿಸ್ "ನಿಮಗೆ ತೊಂದ್ರೆ ಕೊಟ್ಟೆ" ಎಂದು ಕ್ಷಮೆ ಕೇಳಿ ಫೋನಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಹಿಮ ಕರಗುವ ಹೊತ್ತಿಗೆ, ಎರಡು ಊರಾಚೆ ಡಾಕ್ಟರ್ ಬ್ರಾಂಟ್ ಎಂಬಾಕೆ ನೋಡಲು ಒಪ್ಪಿದರು. ಅಲ್ಲಿ ಗೋಡೆ ತುಂಬ ಕೂಸುಗಳ ಚಿತ್ರ. ಎಂಟು ತಿಂಗಳ ಬಸುರಿಯೊಬ್ಬಳು ಎದ್ದು ಆರ್ಲಿಸ್‌ಗೆ ಕುರ್ಚಿ ಬಿಟ್ಟುಕೊಟ್ಟಳು.

ಒಳಗೆ ನಾನೂ ಜೊತೆಗೆ ಹೋದೆ. ಕಾಗದದ ನಿಲುವಂಗಿ ತೊಟ್ಟು ಕೂತವಳಿಗೆ ಡಾಕ್ಟರು, "ಏನಾಗ್ತಿದೆ ಹೇಳಿ," ಎಂದರು.

"ಏನಿಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ. ಸುಮ್ನೆ ಒಂದ್ಸಲ ತೋರಿಸ್ಕೊಂಡು ಹೋಗೋಣ ಅಂತ ಬಂದೆ. ಪಾಪ, ಹೊರಗೆ ಬಸುರಿಯರು ಕಾಯ್ತಿದ್ದಾರೆ."

ನಮ್ಮ ಕಡೆ ಇದಕ್ಕೆ ಮರ್ಯಾದೆ ಅಂತ ಹೆಸರು. ಇಲ್ಲಿ ಕಾಲು ಮುರಿದವನೂ "ಪರವಾಗಿಲ್ಲ" ಎನ್ನುತ್ತಲೇ ಆಂಬುಲೆನ್ಸ್ ಹತ್ತುತ್ತಾನೆ. ನೋವು ಹೇಳಿಕೊಂಡವನನ್ನು ಗೊಣಗುಬುರುಕ ಅನ್ನುತ್ತಾರೆ.

"ಸಂತೋಷ. ಹಾಗಾದ್ರೆ ಮುಂದಿನ ವರ್ಷ ಬನ್ನಿ," ಎಂದು ಡಾಕ್ಟರು ಬಾಗಿಲಿಗೆ ಕೈ ಹಾಕಿದರು.

"ಬಾಯಿ ಬಿಡೇ ಆರ್ಲಿಸ್!" ಕಿರುಚಿಬಿಟ್ಟೆ. "ನಮ್ಮಕ್ಕನೂ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ ಅಂತಾನೇ ಸತ್ತಳು!"

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ರಕ್ತ ಹೋಗ್ತಿದೆ ಡಾಕ್ಟ್ರೇ. ಚಳಿಗಾಲದಿಂದ್ಲೂ ಹೋಗ್ತಿದೆ. ನಂಗೆ ತುಂಬಾ ಭಯ ಆಗ್ತಿದೆ."

ಡಾಕ್ಟರು ಬಾಗಿಲು ಬಿಟ್ಟು ಬಂದು ಅವಳ ಪಕ್ಕದಲ್ಲೇ ಕೂತರು.