ಬಿಸಿಲಮ್ಮ ಬಿಟ್ಟ ತೇವ

ಡಿಪೋದಲ್ಲಿ ಅವಳನ್ನು ಎಲ್ಲರೂ ಬಿಸಿಲಮ್ಮ ಅನ್ನುತ್ತಿದ್ದರು. ಹೈಡ್ರೋಜನ್ನಿನಿಂದ ಓಡುವ ಬಸ್ಸು ಸಂಜೆ ಬಂದು ನಿಂತ ಮೇಲೆ, ಅದಕ್ಕೆ ಕರೆಂಟು ಕೊಡುವ ಇಂಧನ ಕೋಶದೊಳಗೆ ಗಾಳಿ ಊದಿ, ಅಲ್ಲಿ ಹುಟ್ಟಿ ಉಳಿದ ನೀರು ಒಣಗಿಸುವುದು ಅವಳ ಕೆಲಸ. ನೀರು ನಿಂತರೆ ಆ ಊರಿನ ಕೊರೆಯುವ ರಾತ್ರಿ ಚಳಿಗೆ ಮಂಜುಗಡ್ಡೆಯಾಗಿ ಕೋಶವನ್ನೇ ಸೀಳುತ್ತದೆ. ಮನೆಯಲ್ಲೂ ಅವಳು ಹಾಗೇ, ತೊಳೆದ ಲೋಟವನ್ನು ಮತ್ತೆ ಮತ್ತೆ ಒರೆಸದೆ ಕಪಾಟಿಗಿಡುವವಳಲ್ಲ.

ಅತಿಯಾದರೆ ಅಮೃತವೂ ವಿಷ. ಹೋದ ವಾರ ಕೋಶವನ್ನು ಸೌದೆಯಂತೆ ಒಣಗಿಸಿಬಿಟ್ಟಳು. ಬೆಳಿಗ್ಗೆ ಬಸ್ಸು ಮಿಸುಕಲಿಲ್ಲ. ಅದನ್ನು ಓಡಿಸುವವಳು ಅವಳ ಸ್ವಂತ ಅಕ್ಕ. ನೋಡಲು ಬಂದಿದ್ದ ಸಾರಿಗೆ ಇಲಾಖೆಯ ದೊಡ್ಡವರು, ಇನ್ನೊಮ್ಮೆ ಹೀಗಾದರೆ ಬಸ್ಸು ಗುಜರಿಗೆ, ಚಾಲಕಿ ಮನೆಗೆ ಎಂದು ಹೇಳಿ ಹೋದರು. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ಬಾಯಿಗೆ ಮಾತ್ರ ಬೀಗ.

"ಪೂರ್ತಿ ಒಣಗಿಸ್ಬೇಡಮ್ಮ," ಎಂದರು ಕೋಶವನ್ನು ಪರೀಕ್ಷಿಸಲು ಬಂದಿದ್ದ ಪ್ರಯೋಗಾಲಯದ ಮೇಡಂ, ತೆಳು ಪೊರೆಯೊಂದನ್ನು ಬೆಳಕಿಗೆ ಹಿಡಿದು. "ಕೋಶದ ಜೀವ ಇರೋದು ಈ ಪೊರೇಲಿ. ಹೈಡ್ರೋಜನ್ನಿನ ಪ್ರೋಟಾನ್ ಕಣಗಳು ಇದನ್ನ ದಾಟಿದ್ರೇ ಕರೆಂಟು. ದಾಟೋಕೆ ನೀರು ಬೇಕು. ಇದರ ಸಣ್ಣ ಸಣ್ಣ ತೂತುಗಳ ಗೋಡೆಗೆ ಅಂಟಿಕೊಂಡಿರೋ ಚೂರು ನೀರು ಇಷ್ಟು ಚಳೀಲೂ ಹೆಪ್ಪುಗಟ್ಟಲ್ಲ. ಅದನ್ನ ಬಿಟ್ಟು ಮಿಕ್ಕಿದ್ದು ತೆಗಿ. ತೇವದ ಮೀಟರಿನ ಮುಳ್ಳು ಹಸಿರು ಗೆರೆಗೆ ಬಂದ ತಕ್ಷಣ ನಿಲ್ಲಿಸು."

"ನೀರನ್ನ ಹೇಗೆ ನಂಬೋದು ಮೇಡಂ?"

ಮಧ್ಯಾಹ್ನ ಗಾಳಿಯಂತ್ರದ ಬೆಚ್ಚನೆಯ ಗುಂಯ್‌ಗುಡುವಿಕೆಗೆ ಬಿಸಿಲಮ್ಮನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವಳು ಪೊರೆಯೊಳಗೆ ನಡೆಯುತ್ತಿದ್ದಳು. ಕಿರಿದಾದ ಓಣಿಗಳು, ನಡುವೆಲ್ಲ ಮಂಜುಗಡ್ಡೆ. ಆದರೆ ಗೋಡೆಗುಂಟ ಹನಿಗಳು ಒತ್ತಾಗಿ ಕೂತು, ಸಾಲು ನಿಂತವರು ಕೊಡ ದಾಟಿಸುವ ಹಾಗೆ, ಪ್ರೋಟಾನ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಿದ್ದವು. ಚಳಿಗೆ ಹನಿಗಳ ಕೈ ಮರಗಟ್ಟಿ ಕೆಲಸ ನಿಧಾನವಾಗಿತ್ತು, ಸಾಲು ಮಾತ್ರ ಕಡಿದಿರಲಿಲ್ಲ. ಇವಳ ಕೈಯಲ್ಲೊಂದು ಒಣಬಟ್ಟೆ. ಅದನ್ನು ಎತ್ತಿದ್ದೇ ತಡ, ಎಲ್ಲ ಹನಿಗಳೂ ಕೆಲಸ ನಿಲ್ಲಿಸಿ ಅವಳತ್ತ ತಿರುಗಿದವು. ನಾಚಿಕೆಯಾಗಿ ಎಚ್ಚರವಾಯಿತು.

ಸಂಜೆ ಮುಳ್ಳು ಗೆರೆ ಮುಟ್ಟಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಬೆರಳು ಹಟ ಹಿಡಿಯಿತು. ಅಕ್ಕನ ಮುಖ ನೆನಪಾಯಿತು. ಗಾಳಿ ನಿಲ್ಲಿಸಿದಳು. ಒದ್ದೆ ಬಿಟ್ಟು ಮನೆಗೆ ಹೋಗುವಾಗ ಅವಳಿಗೆ ನಿಜಕ್ಕೂ ಭಯವಾಗಿತ್ತು.

ಬೆಳಿಗ್ಗೆ ಬಸ್ಸಿನ ಗಾಜೆಲ್ಲ ಹಿಮ ಕೂತು ಬೆಳ್ಳಗಾಗಿತ್ತು. ದೊಡ್ಡವರು ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು. ಅಕ್ಕ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಆಮೇಲೆ ಒಳಗಿನ ದೀಪವೊಂದು ಮಂಕಾಗಿ ಹತ್ತಿತು, ಮತ್ತೊಂದು ಹತ್ತಿತು, ನೋಡನೋಡುತ್ತ ಬಸ್ಸಿಡೀ ಬೆಳಗಿತು. ಚಕ್ರಗಳು ಉರುಳಿದವು. ಬಸ್ಸು ದೊಡ್ಡವರನ್ನು ದಾಟಿ ಬಂದು ಬಿಸಿಲಮ್ಮನ ಮುಂದೆ ನಿಂತಿತು. ಬಾಗಿಲು ತೆರೆಯಿತು.

"ಕೋಪ ಇನ್ನೂ ಹೋಗಿಲ್ಲ," ಎಂದಳು ಅಕ್ಕ, ರಸ್ತೆಯನ್ನೇ ನೋಡುತ್ತ. "ಆದ್ರೂ ಬಾರೇ, ಹತ್ತು. ಹೊರಗೆ ಚಳಿ."

ಬಿಸಿಲಮ್ಮ ಅಳುತ್ತಲೇ ಹತ್ತಿದಳು.